ಇಪ್ಪತ್ತೆಂಟರ ಕೆಳಗೆ ಅರವತ್ತಮೂರು

ನಾಲ್ಕನೆಯ ತರಗತಿಯ ಹುಡುಗನೊಬ್ಬ ಪಕ್ಕದವಳಿಗೆ ಸರಿಯಾದ ದಾರಿ ತೋರಿಸಿದ. ಅದಕ್ಕಾಗಿ ಅವನನ್ನು ಅಧಿಕಾರಿಗಳ ಎದುರೇ ಗದರಿಸಿದೆ. ವರ್ಷ ಕಳೆದರೂ ಅದು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿದೆ.

ನಮ್ಮದು ವೈಟ್‌ಫೀಲ್ಡ್ ಕಡೆಯ ಸರ್ಕಾರಿ ಶಾಲೆ. 2019-20ರಲ್ಲಿ ರಾಜ್ಯದ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಶುರುವಾದವಲ್ಲ, ಮುಂದೆ ನಮ್ಮಲ್ಲೂ ಅಂಥದೊಂದು ವಿಭಾಗ ಬಂತು. ಹದಿನಾಲ್ಕು ವರ್ಷ ಚಿಕ್ಕ ಮಕ್ಕಳು ಆಡುತ್ತ ಕಲಿಯುವ ನಲಿ-ಕಲಿ ಪದ್ಧತಿಯ ತರಗತಿಯಲ್ಲಿದ್ದ ನನ್ನನ್ನು ಅದರ ನಾಲ್ಕನೆಯ ತರಗತಿಗೆ ಹಾಕಿದರು. ಮಕ್ಕಳಲ್ಲಿ ಅರ್ಧದಷ್ಟು ಜನ ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಉಳಿದವರ ಮನೆಗಳಲ್ಲಿ ತೆಲುಗು, ತಮಿಳು, ಉರ್ದು, ಹಿಂದಿ.

ಗಣಿತದ ಪುಸ್ತಕ ದ್ವಿಭಾಷೆಯದು, ಕನ್ನಡವೂ ಇದೆ, ಇಂಗ್ಲಿಷೂ ಇದೆ. ಕನ್ನಡದ ಭಾಗದ ಮೇಲೆ ಮಕ್ಕಳಿಂದ ಕಾಗದ ಇಡಿಸುತ್ತಿದ್ದವಳು ನಾನೇ. ಹಾಗೆ ಮಾಡಿ ಎಂದು ಯಾರೂ ನನಗೆ ಆದೇಶ ಕೊಟ್ಟಿರಲಿಲ್ಲ. ಕಣ್ಣಿಗೆ ಕನ್ನಡ ಬಿದ್ದರೆ ಇಂಗ್ಲಿಷ್ ಓದುವುದಿಲ್ಲ, ಮಕ್ಕಳು ಸುಲಭದ ದಾರಿ ಹಿಡಿಯುತ್ತಾರೆ ಎಂದು ನಂಬಿದ್ದೆ. ನಲಿ-ಕಲಿಯಲ್ಲಿ ನೆಲದ ಮೇಲೆ ಮಕ್ಕಳ ನಡುವೆ ಕುಳಿತು, ಯಾರು ಯಾವ ಮೆಟ್ಟಿಲಲ್ಲಿದ್ದಾರೆ ಎಂದು ಅವರ ಮಾತಿನಿಂದಲೇ ತಿಳಿದುಕೊಳ್ಳುತ್ತಿದ್ದವಳು ನಾನು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆ ಪದ್ಧತಿ ಹುಟ್ಟಿದ್ದೇ ಮಗು ತನ್ನ ವೇಗದಲ್ಲಿ ಕಲಿಯಲಿ ಎಂದು. ಇಂಗ್ಲಿಷ್ ವಿಭಾಗಕ್ಕೆ ಬಂದ ದಿನವೇ ನೆಲದಿಂದ ಎದ್ದು ಬೋರ್ಡಿನ ಮುಂದೆ ನಿಂತುಬಿಟ್ಟೆ.

ಜೂನ್‌ನಲ್ಲಿ ಸೇತುಬಂಧ, ಅಂದರೆ ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿ ಮಾಡುವ ಪಾಠಗಳು. ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ತಿಳಿಯುವ ನೈದಾನಿಕ ಪರೀಕ್ಷೆಯಲ್ಲಿ ಒಂದು ಪ್ರಶ್ನೆ: ‘ಸಬ್‌ಟ್ರ್ಯಾಕ್ಟ್ 28 ಫ್ರಮ್ 63’. ಉತ್ತರ ಬರೆಯಲು ಒಂದು ಪುಟ್ಟ ಚೌಕ. ಲೆಕ್ಕ ಮಾಡಿ ತೋರಿಸಲು ಹಾಳೆಯಲ್ಲಿ ಒಂದು ಅಂಗುಲ ಜಾಗವೂ ಇರಲಿಲ್ಲ. ಇಂಥ ಹಾಳೆಗಳನ್ನು ಸಿದ್ಧಪಡಿಸುವವರು ಮಗುವಿನ ಪಕ್ಕದಲ್ಲಿ ಒಮ್ಮೆಯಾದರೂ ಕುಳಿತಿದ್ದರೆ ಆ ಜಾಗ ಬಿಡುತ್ತಿದ್ದರು. ಯಾದಗಿರಿಯ ಹುಡುಗಿಯೊಬ್ಬಳು ಚೌಕದಲ್ಲಿ 45 ಎಂದು ಬರೆದಿದ್ದಳು.

ಗಣಿತ ಕಲಿಸುವವರಿಗೆ ಈ 45 ಹಳೆಯ ಪರಿಚಯ. ಮೂರರಲ್ಲಿ ಎಂಟು ಹೋಗುವುದಿಲ್ಲ ಎಂದು ಎಂಟರಲ್ಲಿ ಮೂರು ಕಳೆದು 5, ಆರರಲ್ಲಿ ಎರಡು ಕಳೆದು 4. ದಶಕ ಸಹಿತ ವ್ಯವಕಲನ, ಅಂದರೆ ಹತ್ತರ ಸ್ಥಾನದಿಂದ ಒಂದು ತೆಗೆದುಕೊಂಡು ಕಳೆಯುವುದು, ಬಾರದ ಮಕ್ಕಳು ಮಾಡುವ ತಪ್ಪು ಇದೇ. ಇನ್ನೊಮ್ಮೆ ಯೋಚಿಸದೆ ದಾಖಲೆಯಲ್ಲಿ ‘ಸಾಮರ್ಥ್ಯ ಗಳಿಸಿಲ್ಲ, ಪರಿಹಾರ ಬೋಧನೆ ಅಗತ್ಯ’ ಎಂದು ಬರೆದೆ.

ಹತ್ತು ದಿನ ಅವಳನ್ನು ಕಡ್ಡಿಯ ಕಟ್ಟುಗಳ ಮುಂದೆ ಕೂರಿಸಿದೆ. ಆರು ಕಟ್ಟು, ಮೂರು ಬಿಡಿ ಕಡ್ಡಿ ನಾನೇ ಜೋಡಿಸಿ ಇಡುತ್ತಿದ್ದೆ. ಅವಳು ಒಂದು ಕಟ್ಟು ಬಿಚ್ಚಿ ಒಂದು ತಪ್ಪೂ ಇಲ್ಲದೆ ಮಾಡುತ್ತಿದ್ದಳು. ಬೋರ್ಡಿನ ಮೇಲೆ ಮೇಲೆ-ಕೆಳಗೆ ಬರೆದುಕೊಟ್ಟ ಲೆಕ್ಕಗಳೂ ಸರಿಯಾಗುತ್ತಿದ್ದವು. ವಾಕ್ಯದಲ್ಲಿ ಕೊಟ್ಟರೆ ಮತ್ತೆ ತಪ್ಪು. ಇವತ್ತು ಬಂದದ್ದು ನಾಳೆ ಮರೆಯುತ್ತಾಳೆ ಎಂದುಕೊಂಡೆ. ಕೇಳಿದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ಇಂಗ್ಲಿಷ್‌ನಲ್ಲೇ ಹೇಳಬೇಕು ಎಂಬ ನನ್ನ ನಿಯಮದ ಮುಂದೆ ಅವಳು ಬೇರೆ ಏನು ಮಾಡಬೇಕಿತ್ತು?

ಜುಲೈ ಮೊದಲ ವಾರ ಸುತ್ತಲಿನ ಶಾಲೆಗಳಿಗೆ ಮಾರ್ಗದರ್ಶನ ಮಾಡುವ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೇಡಂ, ಅವರ ಜೊತೆ ಮೇಲಿನ ಅಧಿಕಾರಿಯೊಬ್ಬರು ಸೇತುಬಂಧ ನೋಡಲು ಬಂದರು. ಅಧಿಕಾರಿ ನನ್ನ ದಾಖಲೆ ತಿರುವಿ, ಪರಿಹಾರ ಬೋಧನೆಯ ಪಟ್ಟಿಯಿಂದ ಒಬ್ಬರನ್ನು ಬೋರ್ಡಿಗೆ ಕರೆಯಲು ಹೇಳಿದರು. ಪಟ್ಟಿಯ ಮೊದಲ ಹೆಸರು ಅವಳದೇ. ಅದೇ ವಾಕ್ಯವನ್ನು ಬೋರ್ಡಿನ ಮೇಲೆ ಬರೆದೆ.

ಅವಳು ಸೀಮೆಸುಣ್ಣ ಹಿಡಿದು ಸುಮಾರು ಹೊತ್ತು ನಿಂತಳು. ಹೊರಗೆ ಹಾಲು ಕಾಯಿಸುವ ಪಾತ್ರೆಯ ಸದ್ದು ಬಿಟ್ಟರೆ ಕೊಠಡಿಯಲ್ಲಿ ಉಸಿರಿನ ಸದ್ದೂ ಇಲ್ಲ. ನಿಧಾನವಾಗಿ 28 ಬರೆದಳು. ಅದರ ಕೆಳಗೆ 63. ಆ ಗಳಿಗೆಯಲ್ಲಿ ನನಗೆ ತಿಳಿಯಬೇಕಿತ್ತು. ಹತ್ತು ದಿನದ ಮೇಲೆ ಮೊದಲ ಬಾರಿಗೆ ಅವಳ ತಪ್ಪು ಪೂರ್ತಿಯಾಗಿ ನನ್ನ ಕಣ್ಣ ಮುಂದಿತ್ತು. ನಾನು ನೋಡುತ್ತಿದ್ದುದು ಅಧಿಕಾರಿಯ ಮುಖವನ್ನು. ‘ದಶಕ ತೆಗೆದುಕೊಳ್ಳುವುದು ಬರುವುದಿಲ್ಲ ಸರ್, ಹೇಳಿಕೊಡುತ್ತಲೇ ಇದ್ದೇನೆ’ ಎಂದೆ.

ಮೊದಲ ಬೆಂಚಿನ ಹುಡುಗ ಪಿಸುಗುಟ್ಟಿದ: ‘ಹಾಗಲ್ಲ, ಅರವತ್ತಮೂರರಲ್ಲಿ ಇಪ್ಪತ್ತೆಂಟು.’

‘ಕನ್ನಡ ಬೇಡ ಎಂದು ಎಷ್ಟು ಸಲ ಹೇಳಬೇಕು?’ ಎಂದು ನಾನು ಗದರಿದೆ. ಹುಡುಗ ಮುದುಡಿಕೊಂಡ.

ಅಷ್ಟರಲ್ಲಿ ಅವಳು ಅಂಗೈಯಿಂದ ಬೋರ್ಡು ಒರೆಸಿದ್ದಳು. 63 ಮೇಲೆ, 28 ಕೆಳಗೆ. ಆರನ್ನು ಹೊಡೆದು ಐದು ಮಾಡಿದಳು, ಮೂರರ ಪಕ್ಕಕ್ಕೆ ಒಂದು ಸೇರಿಸಿ ಹದಿಮೂರು ಮಾಡಿದಳು, 35 ಬರೆದಳು. ಒಂದು ನಿಮಿಷವೂ ಹಿಡಿಯಲಿಲ್ಲ. ಅವಳಿಗೆ ದಶಕ ಬರುತ್ತಿತ್ತು. ಜೂನ್‌ನಲ್ಲೂ ಬರುತ್ತಿತ್ತು.

ಕನ್ನಡದಲ್ಲಿ ‘63ರಲ್ಲಿ 28 ಕಳೆ’ ಎನ್ನುತ್ತೇವೆ. ಇರುವುದು ಮೊದಲು, ಕಳೆಯುವುದು ಆಮೇಲೆ, ಕೈ ಬರೆಯುವ ಕ್ರಮವೂ ಅದೇ. ಇಂಗ್ಲಿಷ್ ವಾಕ್ಯದಲ್ಲಿ ಕಳೆಯುವುದು ಮೊದಲು ಬರುತ್ತದೆ. ಮನೆಮಾತಿನ ಕ್ರಮದಲ್ಲಿ ಓದಿದ ಮಗು ಮೊದಲ ಸಂಖ್ಯೆಯನ್ನು ಮೇಲೆ ಬರೆಯುತ್ತದೆ, ಆಮೇಲೆ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯುತ್ತದೆ. ಆಗಲೂ ಬರುವುದು 45. ಎರಡು ಬೇರೆ ತಪ್ಪುಗಳು, ಒಂದೇ ಉತ್ತರ. ‘ಫ್ರಮ್’ ಎಂಬ ಒಂದು ಪದದ ತೊಡಕನ್ನು ನಾನು ಗಣಿತದ ತೊಡಕು ಎಂದು ಬರೆದಿದ್ದೆ. ಕಾಗದದ ಕೆಳಗೆ ನಾನು ಮುಚ್ಚಿಸಿದ್ದ ಕನ್ನಡದಲ್ಲೇ ಅವಳಿಗೆ ಬೇಕಾದದ್ದು ಇತ್ತು.

ಅಧಿಕಾರಿ ಭೇಟಿ ಪುಸ್ತಕದಲ್ಲಿ ‘ತರಗತಿಯಲ್ಲಿ ಇಂಗ್ಲಿಷ್ ಬಳಕೆ ಇನ್ನೂ ಹೆಚ್ಚಬೇಕು’ ಎಂದು ಬರೆದು ಹೋದರು. ಅವರೂ ಅದೇ ಕೊಠಡಿಯಲ್ಲಿ, ಅದೇ ಬೋರ್ಡು ನೋಡುತ್ತ ಕುಳಿತಿದ್ದರು. ಆ ಸಾಲು ಓದಿದಾಗ ಬಂದ ಸಿಟ್ಟು ಇನ್ನೂ ಆರಿಲ್ಲ. ಆದರೆ ಹಿಂದಿನ ದಿನದವರೆಗೆ ನಾನೂ ಅದನ್ನೇ ಬರೆಯುತ್ತಿದ್ದೆ.

ಅವತ್ತು ಸಂಜೆ ಪರಿಹಾರ ಬೋಧನೆಯ ಪಟ್ಟಿಯಲ್ಲಿದ್ದ ಹದಿನಾಲ್ಕು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ಪ್ರಶ್ನೆಯನ್ನು ಬಾಯಲ್ಲಿ ಅವರವರ ಮಾತಿನಲ್ಲಿ ಹೇಳಿಸಿದೆ. ನನಗೆ ಬಾರದ ಹಿಂದಿಗೆ ಇನ್ನೊಂದು ಮಗು ನೆರವಾಯಿತು. ನಿಜವಾಗಿ ದಶಕ ಬಾರದವರು ಐದು ಜನ. ಉಳಿದ ಒಂಬತ್ತು ಮಕ್ಕಳು ಬರುವುದನ್ನೇ ಹತ್ತು ದಿನ ಮತ್ತೆ ಕಲಿತಿದ್ದರು.

ಶಾಲೆಯ ಭಾಷೆಯ ಜಗಳ ಈ ಊರಿಗೆ ಹೊಸದಲ್ಲ. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಭಾಷೆಯ ಸ್ಥಾನ ಕೇಳಿದ 1982ರ ಗೋಕಾಕ್ ಚಳವಳಿ ಇಲ್ಲಿಯ ಬೀದಿಗಳಲ್ಲೂ ನಡೆದಿದೆ. ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಾಧ್ಯಮ ಯಾವುದೆಂದು ಎಲ್ಲರೂ ಕೇಳುತ್ತಾರೆ. ಪ್ರಶ್ನೆ ಓದಿದ ಮೇಲೆ, ಪೆನ್ಸಿಲ್ ಎತ್ತುವ ಮೊದಲು ಮಗು ತನ್ನೊಳಗೆ ಯಾವ ಮಾತಿನಲ್ಲಿ ಹೇಳಿಕೊಂಡಿತು ಎಂದು ಕೇಳುವವರು ಯಾರು? ತರಗತಿಯೊಳಗೆ ಕೇಳಬೇಕಾದವಳು ನಾನು. ತಂದೆತಾಯಿಗಳಿಗೆ ಇಂಗ್ಲಿಷ್ ಬೇಕು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಅವರು ಕೇಳುವುದು ಅದೊಂದನ್ನೇ. ಅದು ನ್ಯಾಯವಾದ ಬೇಡಿಕೆ, ಅದನ್ನು ಪೂರೈಸುವುದು ನನ್ನ ಕೆಲಸ. ಕನ್ನಡ ಮುಚ್ಚಿಟ್ಟು ಅದನ್ನು ಪೂರೈಸಲು ನನ್ನಿಂದ ಆಗಿರಲಿಲ್ಲ.

ಆಮೇಲೆ ಒಂದಿಷ್ಟು ಓದಿದೆ. 1990ರ ದಶಕದಲ್ಲಿ ವೇಲ್ಸ್‌ನ ಕೆನ್ ವಿಲಿಯಮ್ಸ್ ಎಂಬ ಶಿಕ್ಷಣ ತಜ್ಞರು, ಮಕ್ಕಳು ಒಂದು ಭಾಷೆಯಲ್ಲಿ ಓದಿ ಇನ್ನೊಂದರಲ್ಲಿ ಬರೆಯುವ ಕ್ರಮಕ್ಕೆ ಹೆಸರು ಕೊಟ್ಟರಂತೆ. ಅಲ್ಲಿ ವೆಲ್ಶ್ ಮತ್ತು ಇಂಗ್ಲಿಷ್. ನಮ್ಮ ತರಗತಿಯಲ್ಲಿ ಈಗ ನಡೆಯುವುದು ಇಷ್ಟು: ವಾಕ್ಯ ಇಂಗ್ಲಿಷ್‌ನಲ್ಲಿ ಓದುತ್ತಾರೆ, ಪಕ್ಕದವರಿಗೆ ತಮ್ಮ ಮಾತಿನಲ್ಲಿ ಹೇಳುತ್ತಾರೆ, ‘ಫ್ರಮ್’ ಸುತ್ತ ಗೆರೆ ಹಾಕಿ ಮುಂದಿನ ಸಂಖ್ಯೆಯಿಂದ ಹಿಂದಿನದಕ್ಕೆ ಬಾಣ ಎಳೆಯುತ್ತಾರೆ, ಉತ್ತರವನ್ನು ಮತ್ತೆ ಇಂಗ್ಲಿಷ್‌ನಲ್ಲಿ ಪೂರ್ತಿ ವಾಕ್ಯವಾಗಿ ಹೇಳುತ್ತಾರೆ. ಇದಕ್ಕೆ ಹೊತ್ತು ಹೆಚ್ಚು ಬೇಕು. ಪಾಠ ಯೋಜನೆಯ ನಮೂನೆಯಲ್ಲಿ ಇದನ್ನು ಬರೆಯಲು ಕಾಲಂ ಇಲ್ಲ. ತಡವಾಗಿದೆ ಎಂದು ಮುಖ್ಯ ಶಿಕ್ಷಕರಿಂದ ಎರಡು ಸಲ ಕೇಳಿಸಿಕೊಂಡಿದ್ದೇನೆ.

ಗದರಿಸಿದ ಹುಡುಗನ ಕ್ಷಮೆಯನ್ನು ಮರುದಿನ ಎಲ್ಲರ ಮುಂದೆಯೇ ಕೇಳಿದೆ. ಅವನು ಏನೂ ಹೇಳಲಿಲ್ಲ. ಪಾಠದ ನಡುವೆ ಅವನ ಬಾಯಿಂದ ಮತ್ತೆ ಕನ್ನಡ ಹೊರಡಲು ಮೂರು ವಾರ ಬೇಕಾಯಿತು.

ಡಿಸೆಂಬರ್‌ನಲ್ಲಿ ಭಾಗಾಕಾರ ಬಂತು. ‘ಡಿವೈಡ್ 24 ಬೈ 6’ ಎಂದು ಬರೆದು ತಿರುಗಿದರೆ, ಆ ಹುಡುಗಿ ಪೆನ್ಸಿಲ್ ಕೆಳಗಿಟ್ಟು ಕೈ ಎತ್ತಿದ್ದಳು.

‘ಮಿಸ್, ಇಲ್ಲಿ ಯಾವುದರಲ್ಲಿ ಯಾವುದು?’