ಕುರಿಗಳ ಹಾಗೆ ಹೋದರಂತೆ!

ಭಾನುವಾರ ಗೆಳೆಯರ ಮನೆಯಲ್ಲಿ ಊಟ. ಹಿಟ್ಲರ್ ಕಾಲದ ಯಹೂದಿಗಳ ಮಾತು ಬಂತು. ಒಬ್ಬರು ಅಂದರು, "ಅಷ್ಟೊಂದು ಜನ, ಕುರಿಗಳ ಹಾಗೆ ಸುಮ್ನೆ ಹೋಗಿ ಸತ್ತರಲ್ಲ, ಒಂದು ಕಲ್ಲಾದರೂ ಎತ್ತಬಾರದಿತ್ತಾ?" ಅಂದು ಮುಗಿಸಿ ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಹಾಕಿಸಿಕೊಂಡರು. ಮನುಷ್ಯ ಕೆಟ್ಟವರಲ್ಲ. ನಾನು ಟೊರಾಂಟೊಗೆ ಬಂದ ಹೊಸದರಲ್ಲಿ ನನಗೆ ಮನೆ ಹುಡುಕಿಕೊಟ್ಟವರೇ ಅವರು. ಆದರೆ ಗೊತ್ತಿಲ್ಲದ ವಿಷಯದಲ್ಲೇ ಅವರ ಮಾತು ಜಾಸ್ತಿ. ನಾನು ಏನೂ ಹೇಳಲಿಲ್ಲ. ಅದೇ ಈಗ ಚುಚ್ಚುತ್ತಿರುವುದು.

ಯಾಕಂದ್ರೆ ಆ ಹೊತ್ತಿಗೆ ನನಗೆ ಫೇ ಶುಲ್ಮನ್ ನೆನಪಾಗಿದ್ದರು. ಇದೇ ಊರಲ್ಲಿ 2021ರಲ್ಲಿ ತೀರಿಕೊಂಡರು, 101 ವರ್ಷ. ಹುಟ್ಟಿದ್ದು 1919ರಲ್ಲಿ, ಆಗ ಪೋಲೆಂಡಿಗೆ ಸೇರಿದ್ದ ಲೆನಿನ್ ಅನ್ನುವ ಪುಟ್ಟ ಊರಿನಲ್ಲಿ (ಆ ಲೆನಿನ್‌ಗೂ ಈ ಊರಿಗೂ ಸಂಬಂಧವಿಲ್ಲ, ಈಗ ಅದು ಬೆಲರೂಸ್‌ನಲ್ಲಿದೆ). ಅಣ್ಣನ ಸ್ಟುಡಿಯೋದಲ್ಲಿ ಫೋಟೊ ಕೆಲಸ ಕಲಿತ ಹುಡುಗಿ. 1942ರ ಆಗಸ್ಟ್ 14ರಂದು ನಾಜಿಗಳು ಆ ಊರಿನ ಗೆಟ್ಟೊದಲ್ಲಿದ್ದ, ಅಂದರೆ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಯಲ್ಲಿದ್ದ, 1,850 ಯಹೂದಿಗಳನ್ನು ಕೊಂದರು. ಕೆಲಸಕ್ಕೆ ಬೇಕಾದ ಕೆಲವರನ್ನು ಮಾತ್ರ ಉಳಿಸಿಕೊಂಡರು. ಅವರಲ್ಲಿ ಫೇ ಒಬ್ಬರು. ಆಮೇಲೆ ನಾಜಿಗಳು ತಾವೇ ತೆಗೆದ ಫಿಲ್ಮ್ ತಂದು ಫೇಗೆ ಕೊಟ್ಟು, ತೊಳೆದುಕೊಡು ಅಂದರು. ಅದರಲ್ಲಿ ಇದ್ದದ್ದು ಹೆಣಗಳ ಗುಂಡಿ. ಗುಂಡಿಯಲ್ಲಿ ಅವರ ಮನೆಯವರು.

ಚಿಕ್ಕವನಿದ್ದಾಗ ಸೋದರಮಾವನ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ನಾನು ನಿಂತಿದ್ದೇನೆ. ಕೆಂಪು ದೀಪ, ಹುಳಿ ಹುಳಿ ವಾಸನೆ. ಟ್ರೇ ಅಲುಗಾಡಿಸುತ್ತಾ ಇದ್ದರೆ ಬಿಳಿ ಕಾಗದದ ಮೇಲೆ ಮೊದಲು ಕಪ್ಪು ಭಾಗ ಮೂಡುತ್ತದೆ, ಕೂದಲು, ಕಣ್ಣು, ಆಮೇಲೆ ನಿಧಾನವಾಗಿ ಮುಖ. ಯಾರು ಅಂತ ತಿಳಿಯುವ ಮೊದಲೇ ಯಾರೋ ಇದ್ದಾರೆ ಅಂತ ತಿಳಿಯುತ್ತದೆ. ಮೂರು ದಿನದಿಂದ ಆ ಟ್ರೇನೇ ನನ್ನ ಕಣ್ಣ ಮುಂದೆ. ಫೇ ತೊಳೆದುಕೊಟ್ಟರು. ಆದರೆ ಕದ್ದು ತನಗೂ ಒಂದು ಪ್ರತಿ ಇಟ್ಟುಕೊಂಡರು.

ಕಲ್ಲು ಎತ್ತಬಾರದಿತ್ತಾ ಅಂತೆ! ಕಂಕುಳಲ್ಲಿ ಮಗು ಇಟ್ಟುಕೊಂಡು, ಮುದುಕರ ಕೈ ಹಿಡಿದು ಬಂದೂಕಿನ ಮುಂದೆ ನಿಂತವರು ಯಾವ ಕೈಯಲ್ಲಿ ಎತ್ತಬೇಕಿತ್ತು?

ಸೆಪ್ಟೆಂಬರ್‌ನಲ್ಲಿ ಪಾರ್ಟಿಸನ್ ದಳ, ಅಂದರೆ ಕಾಡಿನಲ್ಲಿ ಅಡಗಿ ನಾಜಿಗಳ ಮೇಲೆ ಕಾದಾಡುತ್ತಿದ್ದ ಗುಂಪು, ಊರಿನ ಮೇಲೆ ದಾಳಿ ಮಾಡಿದಾಗ ಫೇ ಆ ದಳದವರ ಹಿಂದೆ ಓಡಿದರು. ಅಕ್ಕನ ಗಂಡ ಡಾಕ್ಟರ್ ಆಗಿದ್ದರು, ಅಷ್ಟಕ್ಕೇ ಇವರನ್ನು ನರ್ಸ್ ಮಾಡಿದರು! ದಳದ ಡಾಕ್ಟರ್ ನಿಜಕ್ಕೂ ದನದ ಡಾಕ್ಟರ್. ಕೊಂಬೆಗಳನ್ನು ಕಟ್ಟಿದ ಮೇಜು, ನೋವಿಗೆ ವೋಡ್ಕಾ. ಮುಂದೆ ಲೆನಿನ್ ಮೇಲೆ ಮತ್ತೆ ದಾಳಿ ನಡೆದಾಗ ಕ್ಯಾಮೆರಾ ಸಾಮಾನು ತಂದುಕೊಂಡರು. ನಿಮ್ಮ ಮನೆ ಏನು ಮಾಡೋಣ ಅಂದಾಗ, ಸುಟ್ಟುಬಿಡಿ ಅಂದರು. ಇಲ್ಲದಿದ್ದರೆ ಅದರಲ್ಲಿ ಜರ್ಮನ್ನರು ಇರುತ್ತಿದ್ದರು. 1944ರ ಜುಲೈವರೆಗೆ ಕಾಡಿನಲ್ಲಿದ್ದು ನೂರಕ್ಕೂ ಹೆಚ್ಚು ಫೋಟೊ ತೆಗೆದರು. ರಾತ್ರಿ ಕಂಬಳಿಯೊಳಗೆ ತೊಳೆಯುವುದು, ಕಾದಾಡಲು ಹೊರಟರೆ ಕ್ಯಾಮೆರಾ ಹೂತಿಡುವುದು.

ದಳದವರಲ್ಲೇ ಯಹೂದಿಗಳನ್ನು ಕಂಡರೆ ಆಗದವರು ಇದ್ದರು. ಹಾಗಾಗಿ ಪಾಸೋವರ್ ಹಬ್ಬದ ದಿನಗಳಲ್ಲಿ, ಆಗ ಹುಳಿ ಬರಿಸಿದ ರೊಟ್ಟಿ ತಿನ್ನುವ ಹಾಗಿಲ್ಲ, ಯಾರಿಗೂ ಕಾರಣ ಹೇಳದೆ ಬರೀ ಆಲೂಗಡ್ಡೆ ತಿಂದು ಕಳೆದರಂತೆ. ನನಗೆ ಬಂದೂಕಿಗಿಂತ ಈ ಆಲೂಗಡ್ಡೆಯೇ ದೊಡ್ಡದಾಗಿ ಕಾಣುತ್ತದೆ. ನಮ್ಮಜ್ಜಿ ಏಕಾದಶಿ ಮಾಡುತ್ತಿದ್ದದ್ದು ಇಡೀ ಬೀದಿಗೆ ಗೊತ್ತಾಗುತ್ತಿತ್ತು!

ಕುರಿಗಳ ಹಾಗೆ ಹೋದರು ಅನ್ನುವ ಮಾತನ್ನು ಆಕೆ ಕೊನೆವರೆಗೂ ಒಪ್ಪಲಿಲ್ಲ. ಫೋಟೊಗಳನ್ನು ಹಿಡಿದುಕೊಂಡು ಊರೂರಿಗೆ ಹೋಗಿ ಹೇಳಿದರು. ಹೋಳಿಗೆ ತಟ್ಟೆ ಹಿಡಿದ ನನಗೆ ಒಂದು ವಾಕ್ಯ ಹೇಳಲು ಆಗಲಿಲ್ಲ.

ನಿನ್ನೆ ಅವರೇ ವಾಟ್ಸಾಪ್‌ನಲ್ಲಿ ಭಾನುವಾರದ ಫೋಟೊ ಕಳಿಸಿದ್ದಾರೆ. ಒಂದರಲ್ಲಿ ಚಮಚ ಎತ್ತಿಕೊಂಡು ಏನೋ ಹೇಳುತ್ತಿದ್ದಾರೆ. ಪಕ್ಕದಲ್ಲಿ ನಾನು, ನಗುತ್ತಾ ಇದ್ದೇನೆ.