ರ‍್ಯಾಕ್ ಕೇಸಿನೊಳಗೆ ಪ್ರಿಆಂಪ್ ಕೂರಿಸುವಾಗ

ಪ್ರಿಆಂಪ್ (ಮೈಕಿನ ದುರ್ಬಲ ಸಿಗ್ನಲನ್ನು ಹಿಗ್ಗಿಸುವ ಸಲಕರಣೆ) ಕಟ್ಟುವವರು ಬೋರ್ಡಿಗೆಲ್ಲ ಬೆಸುಗೆ ಹಾಕಿ ಮುಗಿಸಿ, ಆಮೇಲೆ ಕೇಸ್ ಹುಡುಕುವುದು ರೂಢಿ. ರೆಡಿಮೇಡ್ ರ‍್ಯಾಕ್ ಕೇಸ್ ಬಳಸುವುದಾದರೆ ಈ ಕ್ರಮವನ್ನು ತಿರುಗಿಸಿಕೊಳ್ಳಿ. ಕಾರಣ ಎತ್ತರ. 1ಯು (ಸಲಕರಣೆಗಳನ್ನು ಒಂದರ ಮೇಲೊಂದು ಬಿಗಿಯುವ ಚೌಕಟ್ಟಾದ ರ‍್ಯಾಕಿನಲ್ಲಿ ಎತ್ತರದ ಒಂದು ಘಟಕ) ಎಂದರೆ 44.45 ಮಿ.ಮೀ. ನಿಜ, ಆದರೆ ಅದು ರ‍್ಯಾಕಿನಲ್ಲಿ ಕೇಸಿಗೆ ಮೀಸಲಾದ ಜಾಗ. ಮೇಲಿನ, ಕೆಳಗಿನ ಕೇಸುಗಳಿಗೆ ಉಜ್ಜಬಾರದೆಂದು ಮುಂಫಲಕವನ್ನೇ ಸುಮಾರು 43.7 ಮಿ.ಮೀ.ಗೆ ಕತ್ತರಿಸಿರುತ್ತಾರೆ. ತಳದ ತಗಡು, ಮುಚ್ಚಳ, ಮಡಚಿದ ಅಂಚು ಕಳೆದರೆ ಒಳಗೆ ಉಳಿಯುವುದು 40 ಮಿ.ಮೀ. ಆಸುಪಾಸು. ಅಗಲದ ಕಥೆಯೂ ಅಷ್ಟೇ. 482.6 ಮಿ.ಮೀ. ಎನ್ನುವುದು ಎರಡು ಕಿವಿಗಳೂ (ರ‍್ಯಾಕಿಗೆ ಸ್ಕ್ರೂ ಹಾಕಲು ಪಕ್ಕಕ್ಕೆ ಚಾಚಿದ ಅಂಚುಗಳು) ಸೇರಿದ ಅಳತೆ. ಒಳಗೆ 430 ಎಂದೇ ಲೆಕ್ಕ ಹಿಡಿಯಿರಿ.

ಎರಡು ಚಾನೆಲ್‌ನ ಮೈಕ್ ಪ್ರಿಆಂಪ್, ಪ್ಲಸ್-ಮೈನಸ್ 15 ವೋಲ್ಟ್ ಸಪ್ಲೈ, 30 ವಿಎ (ವೋಲ್ಟ್-ಆಂಪಿಯರ್) ಟೊರಾಯ್ಡ್, ಅಂದರೆ ಬಳೆಯಾಕಾರದ ಟ್ರಾನ್ಸ್‌ಫಾರ್ಮರ್, ಎಂದಿಟ್ಟುಕೊಳ್ಳೋಣ. ಬೋರ್ಡಿನ ಕೆಳಗೆ 10 ಮಿ.ಮೀ. ಸ್ಪೇಸರ್ (ಬೋರ್ಡನ್ನು ತಳದಿಂದ ಎತ್ತಿ ಹಿಡಿಯುವ ಗಿಡ್ಡ ಕಂಬ), ಬೋರ್ಡಿನ ದಪ್ಪ 1.6, ಅತಿ ಎತ್ತರದ ಕೆಪಾಸಿಟರ್ 25: ಒಟ್ಟು 36.6. 1ಯುನಲ್ಲಿ ಹಿಡಿಯುತ್ತದೆ. ಕೆಪಾಸಿಟರ್ 35 ಮಿ.ಮೀ.ನದಾದರೆ ಅದನ್ನು ಮಲಗಿಸಬೇಕು, ಇಲ್ಲವೇ ಅಷ್ಟೇ ಮೈಕ್ರೋಫ್ಯಾರಡ್‌ನ, ಕುಳ್ಳಗಿನ ಅಗಲ ಕೆಪಾಸಿಟರ್ ತರಬೇಕು. ಕೆಪಾಸಿಟರ್ 30 ಮಿ.ಮೀ. ಮೀರದಿದ್ದರೆ ಸ್ಪೇಸರನ್ನು 5 ಮಿ.ಮೀ.ಗೆ ಇಳಿಸುವುದೂ ಒಂದು ದಾರಿ. ಆಗ ಬೋರ್ಡಿನ ಅಡಿಯ ಕಾಲುಗಳನ್ನು ಗಿಡ್ಡಕ್ಕೆ ಕತ್ತರಿಸಿ, ಕೆಳಗೊಂದು ಇನ್ಸುಲೇಶನ್ ಹಾಳೆ ಹಾಸಿ.

ತೊಡಕು ಬರುವುದು ಟ್ರಾನ್ಸ್‌ಫಾರ್ಮರಿಗೆ. 30 ವಿಎ ಟೊರಾಯ್ಡ್‌ಗಳು ಸಾಮಾನ್ಯವಾಗಿ 32ರಿಂದ 36 ಮಿ.ಮೀ. ಎತ್ತರ. ಅದರ ಮೇಲೆ ಕೆಳಗೆ ರಬ್ಬರ್ ಪ್ಯಾಡ್, ಮೇಲೊಂದು ಲೋಹದ ತಟ್ಟೆ, ನಟ್ಟು, ನಟ್ಟಿನಾಚೆ ಚಾಚಿದ ಬೋಲ್ಟಿನ ತುದಿ. ಈ ತುದಿ ಮುಚ್ಚಳಕ್ಕೆ ತಾಗಿತೋ, ಅನಾಹುತ. ಬೋಲ್ಟು, ತಳ, ಪಕ್ಕದ ತಗಡು, ಮುಚ್ಚಳ ಎಲ್ಲ ಸೇರಿ ಟೊರಾಯ್ಡ್ ಸುತ್ತ ಒಂದು ಪೂರ್ಣ ಸುತ್ತಾಗುತ್ತವೆ, ಅದೂ ಶಾರ್ಟ್ ಆದ ಸುತ್ತು. ಅದರಲ್ಲಿ ಭಾರೀ ಕರೆಂಟ್ ಹರಿಯುತ್ತದೆ. ಫ್ಯೂಸ್ ಹಾರುತ್ತದೆ, ಫ್ಯೂಸ್ ದೊಡ್ಡದಿದ್ದರೆ ಟ್ರಾನ್ಸ್‌ಫಾರ್ಮರೇ ಸುಡುತ್ತದೆ. ಮುಚ್ಚಳ ತೆಗೆದು ಪರೀಕ್ಷಿಸಿದಾಗ ಎಲ್ಲ ಸರಿಯಾಗಿರುವುದರಿಂದ ಈ ದೋಷ ಬೇಗ ತಿಳಿಯುವುದೂ ಇಲ್ಲ. ಟೊರಾಯ್ಡ್ ಒಳಗೇ ಇರಬೇಕೆಂದರೆ 2ಯು ಕೇಸ್ ತನ್ನಿ ಎಂಬುದು ನನ್ನ ಖಚಿತ ಸಲಹೆ. 1ಯುನೇ ಬೇಕಾದರೆ ಎಸಿ ಔಟ್‌ಪುಟ್‌ನ ಅಡಾಪ್ಟರನ್ನು ಹೊರಗಿಟ್ಟು, ಒಳಗೆ ಎಸಿಯನ್ನು ಡಿಸಿ ಮಾಡುವ ಅರ್ಧ-ತರಂಗ ರೆಕ್ಟಿಫೈಯರ್‌ನಿಂದ ಎರಡೂ ವೋಲ್ಟೇಜ್ ತೆಗೆಯಬಹುದು. ಫಿಲ್ಟರ್ ಕೆಪಾಸಿಟರ್‌ಗಳು ಮಾತ್ರ ಇಮ್ಮಡಿ ಬೇಕು.

ಜಾಗ ಹಂಚುವಾಗ ಮೇನ್ಸ್ (230 ವೋಲ್ಟ್ ಕರೆಂಟ್) ಒಂದು ಮೂಲೆಗೆ, ಮೈಕ್ ಇನ್‌ಪುಟ್ ಅದರ ಎದುರು ಮೂಲೆಗೆ. ಕೇಸನ್ನು ರ‍್ಯಾಕಿನಲ್ಲಿ ಹಿಡಿದಿರುವುದು ಮುಂದಿನ ಕಿವಿಗಳು ಮಾತ್ರ, ಆದ್ದರಿಂದ ಭಾರದ ಟ್ರಾನ್ಸ್‌ಫಾರ್ಮರ್ ಮುಂಫಲಕದ ಹತ್ತಿರವಿರಲಿ. ಹಿಂದಿದ್ದರೆ ಕೇಸ್ ಬಾಗುತ್ತದೆ. ಪವರ್ ಸ್ವಿಚ್ ಮುಂದೆಯೇ ಬೇಕೆಂದರೆ ಮೇನ್ಸ್ ತಂತಿಗಳನ್ನು ಹೆಣೆದು, ಪಕ್ಕದ ಗೋಡೆಗೆ ಒತ್ತಿ ತನ್ನಿ. ಹಿಂಭಾಗದ ಸಾಕೆಟ್ಟುಗಳ ಹಿಂದೆ, ಕೇಸಿನೊಳಗೆ, 50 ಮಿ.ಮೀ. ಖಾಲಿ ಬಿಡಿ. ಕನೆಕ್ಟರಿನ ದೇಹವಷ್ಟೇ ಅಲ್ಲ, ತಂತಿ ತಿರುಗಲೂ ಜಾಗ ಬೇಕು.

ತೂತು ಕೊರೆಯುವ ಕೆಲಸವೆಲ್ಲ ಒಳಗೆ ಏನನ್ನೂ ಕೂರಿಸುವ ಮೊದಲು ಮುಗಿಯಬೇಕು. ಅಲ್ಯೂಮಿನಿಯಂ ಚೂರು ಬೋರ್ಡಿನ ಕಾಲುಗಳ ನಡುವೆ ಹೊಕ್ಕರೆ ಹುಡುಕಲಾಗದ ಶಾರ್ಟ್. ನಕ್ಷೆಯನ್ನು 1:1 ಪ್ರಿಂಟ್ ಮಾಡಿ, ಕಾಗದದ ಮೇಲೆ 100 ಮಿ.ಮೀ. ಗೆರೆಯನ್ನು ಸ್ಕೇಲ್ ಇಟ್ಟು ನೋಡಿದ ಮೇಲೆಯೇ ಅಂಟಿಸಿ. ಪ್ರಿಂಟರ್ ಸದ್ದಿಲ್ಲದೆ ಅಳತೆ ಕುಗ್ಗಿಸುವುದು ಬಹಳ ಸಾಮಾನ್ಯ. ಸೆಂಟರ್ ಪಂಚ್, 3 ಮಿ.ಮೀ. ಮೊದಲ ತೂತು, ಆಮೇಲೆ ಸ್ಟೆಪ್ ಡ್ರಿಲ್. ಮೂರು ಪಿನ್ನಿನ ಮೈಕ್ ಕನೆಕ್ಟರ್ ಆದ ಡಿ ಮಾದರಿಯ ಎಕ್ಸ್‌ಎಲ್‌ಆರ್‌ಗೆ 24 ಮಿ.ಮೀ. ತೂತು, ಅದರ ಕರ್ಣದಲ್ಲಿ ಎರಡು ಸ್ಕ್ರೂ: ಅಡ್ಡ 19, ಉದ್ದ 24 ಮಿ.ಮೀ. ಅಂತರ. ಇದರ ಅಂಚು 31 ಮಿ.ಮೀ. ಎತ್ತರವಿರುವುದರಿಂದ 1ಯು ಹಿಂಫಲಕದ ಮಡಚಿದ ಅಂಚಿಗೆ ಸ್ಕ್ರೂವಿನ ನಟ್ಟು ತಾಗುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಐಇಸಿ ಸಾಕೆಟ್ಟಿನ (ಮೇನ್ಸ್ ಕೇಬಲ್ ಸಿಕ್ಕಿಸುವಂಥದ್ದು) ಸ್ಕ್ರೂ ಅಂತರ 40 ಮಿ.ಮೀ.

ಮುಂಫಲಕ 4 ಮಿ.ಮೀ. ದಪ್ಪವಿದ್ದರೆ ನೋಡಲು ಚೆಂದ, ಪಾಟ್ (ತಿರುಗಿಸುವ ಕಂಟ್ರೋಲ್) ಹಾಕಲು ಕಷ್ಟ. ಪಾಟಿನ ಕತ್ತು 7 ಮಿ.ಮೀ. ಉದ್ದವಿದ್ದರೆ ಫಲಕಕ್ಕೆ 4, ವಾಷರಿಗೆ ಅರ್ಧ ಹೋಗಿ ನಟ್ಟಿಗೆ ಎರಡೂವರೆ ಉಳಿಯುತ್ತದೆ. ಸಣ್ಣ ಪಾಟ್‌ಗಳ ಕತ್ತು ಇನ್ನೂ ಗಿಡ್ಡ. ಹಾಗಾದಾಗ ಪಾಟ್‌ಗಳನ್ನು 1 ಮಿ.ಮೀ. ಒಳಫಲಕಕ್ಕೆ ಬಿಗಿದು, ಮುಂಫಲಕದಲ್ಲಿ ದಂಡ ಹೊರಬರುವಷ್ಟು ತೂತು ಮಾತ್ರ ಮಾಡಿ. ಬೋರ್ಡಿಗೇ ಕೂರುವ ಪಾಟ್‌ಗಳಾದರೆ ಮೊದಲು ಫಲಕಕ್ಕೆ ಬಿಗಿಯಿರಿ, ಆಮೇಲೆ ಬೆಸುಗೆ. ಉಲ್ಟಾ ಮಾಡಿದರೆ ದಂಡಗಳು ತೂತಿಗೆ ಸರಿಹೊಂದದೆ ಬೆಸುಗೆಯ ಮೇಲೆ ಸದಾ ಒತ್ತಡ ಬೀಳುತ್ತದೆ.

ರೆಗ್ಯುಲೇಟರುಗಳನ್ನು (ವೋಲ್ಟೇಜನ್ನು ಸ್ಥಿರವಾಗಿಡುವ ಬಿಡಿಭಾಗಗಳು) ಕೇಸಿನ ಗೋಡೆಗೆ ಬಿಗಿದು ತಂಪಾಗಿಸುವವರು ಬೆನ್ನಿನ ಲೋಹ ಯಾವುದಕ್ಕೆ ಸೇರಿದೆ ಎಂದು ನೋಡಲೇಬೇಕು. 7815ಕ್ಕೆ ಅದು ಗ್ರೌಂಡ್, 7915ಕ್ಕೆ ಇನ್‌ಪುಟ್. ಎಲ್‌ಎಂ317ಕ್ಕೆ ಔಟ್‌ಪುಟ್, ಎಲ್‌ಎಂ337ಕ್ಕೆ ಮತ್ತೆ ಇನ್‌ಪುಟ್. ನಾಲ್ಕಕ್ಕೂ ಮೈಕಾ ಅಥವಾ ಸಿಲಿಕೋನ್ ಪ್ಯಾಡ್ ಮತ್ತು ಸ್ಕ್ರೂವಿಗೆ ಪ್ಲಾಸ್ಟಿಕ್ ಬುಷ್ ಹಾಕಿ, ಮೀಟರಿನಲ್ಲಿ ಶಾರ್ಟ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ಇನ್ನು ಅರ್ತಿಂಗ್. ಬಣ್ಣ ಬಳಿದ ಉಕ್ಕು, ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಎರಡೂ ಮೇಲ್ಮೈಯಲ್ಲಿ ಕರೆಂಟ್ ಹಾಯಿಸುವುದಿಲ್ಲ. ಬಿಡಿಬಿಡಿಯಾಗಿ ಬರುವ ಕೇಸನ್ನು ಸ್ಕ್ರೂ ಹಾಕಿ ಜೋಡಿಸಿದ ಮಾತ್ರಕ್ಕೆ ಆರು ತಗಡುಗಳೂ ಒಂದಾದವು ಎಂದು ನಂಬಬೇಡಿ. ಐಇಸಿ ಸಾಕೆಟ್ಟಿನಿಂದ ಹಸಿರು-ಹಳದಿ ತಂತಿ ಗಿಡ್ಡವಾಗಿ ಬಂದು, ಬಣ್ಣ ಕೆರೆದ ಜಾಗದಲ್ಲಿ ರಿಂಗ್ ಲಗ್, ಹಲ್ಲಿನ ವಾಷರ್, ಎರಡು ನಟ್ಟುಗಳಿಂದ ಬಿಗಿಯಾಗಲಿ. ಆ ಬೋಲ್ಟ್ ಬೇರೆ ಯಾವುದನ್ನೂ ಹಿಡಿದಿರಬಾರದು. ಸಾಕೆಟ್ಟಿನ ಅರ್ತ್ ಪಿನ್ನಿನಿಂದ ಪ್ರತಿ ತಗಡಿಗೂ ಅಳೆದಾಗ, ಮೀಟರ್ ತಂತಿಯ ರೋಧ ಕಳೆದು, 0.1 ಓಮ್‌ಗಿಂತ ಕಡಿಮೆ ಬರಬೇಕು. ಬರದಿದ್ದರೆ ತಗಡಿನಿಂದ ತಗಡಿಗೆ ತಂತಿ ಹಾಕಿ.

ಎಕ್ಸ್‌ಎಲ್‌ಆರ್‌ನ 1ನೇ ಪಿನ್ ಬೋರ್ಡಿಗೆ ಹೋಗದೆ, ಕನೆಕ್ಟರಿನ ಪಕ್ಕದಲ್ಲೇ ಕೇಸಿಗೆ ಸೇರಲಿ. ಕೇಬಲ್ಲಿನ ಶೀಲ್ಡಿನಲ್ಲಿ ಬರುವ ಗದ್ದಲದ ಕರೆಂಟ್ ಬೋರ್ಡಿನ ಗ್ರೌಂಡಿನ ಮೂಲಕ ಹಾದರೆ ಅದೇ ಹಮ್ (ಗುಂಯ್ ಎನ್ನುವ ಸದ್ದು). 1995ರಲ್ಲಿ ಆಡಿಯೋ ಎಂಜಿನಿಯರ್ ನೀಲ್ ಮನ್ಸಿ ‘ಪಿನ್ 1 ಸಮಸ್ಯೆ’ ಎಂದು ಬರೆದದ್ದು ಇದನ್ನೇ. ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಎಇಎಸ್48 ಮಾನದಂಡವೂ ಇದನ್ನೇ ಹೇಳುತ್ತದೆ. ಆಡಿಯೋ ಗ್ರೌಂಡ್ ಕೇಸಿಗೆ ಒಂದೇ ಕಡೆ ಸೇರಬೇಕು. ಲೈನ್ ಮಟ್ಟದ ಸಲಕರಣೆಗಳಲ್ಲಿ ಅಲ್ಲೊಂದು 10 ಓಮ್ ರೆಸಿಸ್ಟರ್ ಹಾಕುವ ರೂಢಿಯಿದೆ, ಆದರೆ 48 ವೋಲ್ಟ್ ಫ್ಯಾಂಟಮ್ (ಮೈಕಿಗೆ ಅದರ ಕೇಬಲ್ಲಿನಲ್ಲೇ ಕೊಡುವ ಪವರ್) ಇರುವ ಪ್ರಿಆಂಪ್‌ಗೆ ಅದು ಬೇಡ. ಫ್ಯಾಂಟಮ್ ಕರೆಂಟ್ ಹಿಂತಿರುಗುವುದು 1ನೇ ಪಿನ್ ಮೂಲಕವೇ ಆದ್ದರಿಂದ ಇನ್‌ಪುಟ್ ಬಳಿ ದಪ್ಪ, ಗಿಡ್ಡ ತಂತಿಯಿಂದ ಆಡಿಯೋ ಗ್ರೌಂಡನ್ನು ಕೇಸಿಗೆ ನೇರ ಸೇರಿಸಿ. ಮೇನ್ಸ್ ಅರ್ತ್‌ಗಂತೂ ನಡುವೆ ಏನನ್ನೂ ಹಾಕಕೂಡದು.

230 ವೋಲ್ಟ್‌ನಲ್ಲಿ 30 ವಿಎ ಎಂದರೆ 0.13 ಆಂಪಿಯರ್. ಟೊರಾಯ್ಡ್ ಹಚ್ಚಿದ ಕ್ಷಣ ಹೆಚ್ಚು ಎಳೆಯುವುದರಿಂದ 250 ಮಿಲಿಆಂಪಿಯರ್‌ನ ನಿಧಾನದ ಫ್ಯೂಸ್ ಸರಿ. ಮೊದಲ ಸಲ 40 ವ್ಯಾಟ್‌ನ ಫಿಲಮೆಂಟ್ ಬಲ್ಬನ್ನು ಸೀರೀಸ್‌ನಲ್ಲಿಟ್ಟು, ಬೋರ್ಡ್‌ಗಳನ್ನು ಬಿಚ್ಚಿಟ್ಟು ಹಚ್ಚಿ. ಬಲ್ಬ್ ಒಮ್ಮೆ ಮಿಂಚಿ ಆರಬೇಕು; ಬೆಳಗುತ್ತಲೇ ಇದ್ದರೆ ಕೂಡಲೇ ಆರಿಸಿ, ಶಾರ್ಟ್ ಹುಡುಕಿ.

ಟೊರಾಯ್ಡಿನ ನಟ್ಟನ್ನು ಪೂರ್ತಿ ಬಿಗಿಯುವುದು ಕೊನೆಗೆ. ಗೇನ್ (ಹಿಗ್ಗಿಸುವ ಪ್ರಮಾಣ) ಪೂರ್ತಿ ಏರಿಸಿ, ಇನ್‌ಪುಟ್‌ಗೆ 150 ಓಮ್ ರೆಸಿಸ್ಟರ್ ಹಾಕಿ ಹಮ್ ಕೇಳಿ. ಪ್ಲಗ್ ಕಿತ್ತು ಟೊರಾಯ್ಡನ್ನು ಸ್ವಲ್ಪ ತಿರುಗಿಸಿ, ಮತ್ತೆ ಹಚ್ಚಿ ಕೇಳಿ. ಪ್ರತಿ ಸಲವೂ ಮುಚ್ಚಳ ಇಟ್ಟೇ ಕೇಳಬೇಕು. ಉಕ್ಕಿನ ಮುಚ್ಚಳ ಟ್ರಾನ್ಸ್‌ಫಾರ್ಮರಿನಿಂದ ಸೋರುವ ಕಾಂತಕ್ಷೇತ್ರವನ್ನು ಎಳೆದು ಬೇರೆಡೆಗೆ ಒಯ್ಯುತ್ತದೆ, ಹಾಗಾಗಿ ತೆರೆದಿದ್ದಾಗ ಸಿಕ್ಕ ಒಳ್ಳೆಯ ಕೋನ ಮುಚ್ಚಿದಾಗ ಒಳ್ಳೆಯದಾಗಿ ಉಳಿಯುವುದಿಲ್ಲ.