ಹ್ಯೂಸ್ಟನ್ನಿನಲ್ಲಿ ತಂಗಿಯ ಮನೆ

ಮಡಿಕೇರಿಯ ಮಳೆಯಲ್ಲಿ ಕುಳಿತು ತಂಗಿಯೊಡನೆ ಫೋನಿನಲ್ಲಿ ಮಾತನಾಡುವಾಗಲೆಲ್ಲ ಅವಳ ಹಿತ್ತಿಲಿನ ಕರಿಬೇವಿನ ಗಿಡವೇ ಕಣ್ಣಿಗೆ ಕಟ್ಟುತ್ತದೆ. 2020ರ ಜನಗಣತಿಯಂತೆ 23 ಲಕ್ಷ ಜನರಿರುವ, ಅಮೆರಿಕದ ನಾಲ್ಕನೆಯ ಅತಿ ದೊಡ್ಡ ನಗರವಾದ ಹ್ಯೂಸ್ಟನ್ನಿನಲ್ಲಿ ಅವಳಿಗೆ ಹಿತ್ತಿಲುಳ್ಳ ಮನೆ ಹೇಗೆ ದಕ್ಕಿತೆಂದು ಅಚ್ಚರಿಪಟ್ಟಿದ್ದೆ. ಊರು ಹರಡಿಕೊಳ್ಳಲು ಸುತ್ತಲೂ ಸಮತಟ್ಟಾದ ನೆಲವಿದೆ. ಊರನ್ನು ಅಂಗಡಿಯ ಜಾಗ, ಮನೆಯ ಜಾಗ ಎಂದು ವಿಂಗಡಿಸುವ ವಲಯ ಕಾನೂನು ಇಲ್ಲವಾದ್ದರಿಂದ ಹೊಸ ಮನೆಗಳು ಸುಲಭವಾಗಿ ಏಳುತ್ತವೆ. ಹ್ಯೂಸ್ಟನ್ ಇರುವ ಟೆಕ್ಸಾಸ್ ರಾಜ್ಯಕ್ಕೆ ವರಮಾನ ತೆರಿಗೆಯೂ ಇಲ್ಲ, ಆದರೆ ಮನೆಗಂದಾಯ ಮಾತ್ರ (ಭಾವ ಪ್ರತಿ ವರ್ಷ ಗೊಣಗುವಂತೆ) ಜೇಬಿಗೆ ಭಾರವೇ. 2017ರ ಆಗಸ್ಟ್‌ನಲ್ಲಿ ಹಾರ್ವೆ ಚಂಡಮಾರುತ ಅಲ್ಲಿನ ಬೀದಿಗಳನ್ನು ಮುಳುಗಿಸಿತು. ಮರುವರ್ಷ ಅದೇ ತಿಂಗಳು ನಮ್ಮ ಗುಡ್ಡಗಳು ಕುಸಿದವು. ಕಾರಿಲ್ಲದೆ ಅಲ್ಲಿ ಬದುಕುವುದು ಕಷ್ಟವಾದರೂ, ಅಮ್ಮ ಕೊಟ್ಟ ಕಾಚಂಪುಳಿಯ (ಕೊಡಗಿನ ಅಡುಗೆಯ ಕಪ್ಪು ಹುಳಿರಸದ) ಬಾಟಲಿ ಅಡುಗೆಮನೆಯಲ್ಲಿರುವ ತನಕ ತಂಗಿಗೆ ಬೇರೆ ಊರು ಬೇಡವಂತೆ.